ತೋಳಿಗೆ ಅಂಟಿಸೋ ಸಕ್ಕರಿ ಮೀಟರು: 14 ದಿನ, 5000 ರೂಪಾಯಿ, ನಮ್ಮಪ್ಪನ ಟೀಕಾ ಸಮೇತ

ಮೊದಲ ಒಂದ್ ಮಾತು. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ಕೆಳಗ ಅವರ ಕಸ್ಟಮರ್ ಕೇರ್ ಬಗ್ಗೆ ನಾಕು ಮಾತು ಸಿಟ್ಟಿಲೆ ಬರದೀನಿ, ಮತ್ತ ಈ ಜಾತಿ ಸೆನ್ಸರು ಈಗ ಒಂದಕ್ಕಿಂತ ಹೆಚ್ಚು ಕಂಪನಿಯವು ಸಿಗ್ತಾವ, ಕೆಲಸ ಎಲ್ಲಾದ್ದೂ ಹೆಚ್ಚುಕಮ್ಮಿ ಒಂದ. ತೋಳಿನ ಹಿಂದ ಅಂಟಿಸ್ಕೊಳ್ಳೋ ಬಿಳಿ ಗುಂಡಿ, ಹತ್ತು ರೂಪಾಯಿ ಕಾಯಿನ್‌ಗಿಂತ ಸ್ವಲ್ಪ ದೊಡ್ಡದು, ಅದರ ಕೆಳಗ ಕೂದಲಿನಂಥಾ ಒಂದ್ ಎಳಿ ಚರ್ಮದೊಳಗ ಸುಮಾರು 5 ಮಿಲಿಮೀಟರ್ ಹೋಗಿ ಕುಂದರ್ತೈತಿ, 14 ದಿನ ಹಗಲು ರಾತ್ರಿ ನಿಮ್ಮ ಸಕ್ಕರಿ ಎಷ್ಟು ಅಂತ ಫೋನಿನ್ಯಾಗ ತೋರಸ್ತೈತಿ. ಬೆಲಿ ನನಗ ಪುಣೆಯ ನಿಗಡಿ ಏರಿಯಾದ ಮೆಡಿಕಲ್ ಅಂಗಡ್ಯಾಗ ಸುಮಾರು 5000 ಬಿತ್ತು. ಹಾಂ, ಐದು ಸಾವಿರ. ಹೆಂಡ್ತಿ ಬಿಲ್ ನೋಡಿ "ಬಂಗಾರದ್ದೇನು?" ಅಂದ್ಳು.

ಯಾಕ ತಗೊಂಡೆ ಅನ್ನೋದು ಹೇಳಬೇಕು. ನಾ ನೋಡಾಕ ಕಡ್ಡಿ, 58 ಕಿಲೋ, ಸೊಂಟಪಟ್ಟಿಗೆ ಹೊಸಾ ತೂತು ಹಾಕಿಸ್ಕೊಂಡು ಅಡ್ಯಾಡೋ ಮನಷ್ಯಾ. ಹಿಂಜವಡಿ ಆಫೀಸಿನ್ಯಾಗ ಹೆಲ್ತ್ ಕ್ಯಾಂಪ್ ಅಂತ ರಕ್ತ ಕೊಟ್ಟೆ, ಬೆಳಗ್ಗಿನ ಖಾಲಿ ಹೊಟ್ಟಿ ಸಕ್ಕರಿ 104 ಬಂತು, ಸರಿ ಅಂತ ಖುಷಿ ಪಡೋದ್ರಾಗ ಕೆಳಗ ಎಚ್‌ಬಿಎ1ಸಿ 7.3 ಅಂತ ಕೆಂಪಕ್ಷರದಾಗ ಇತ್ತು. ಇವೆರಡೂ ಒಂದಕ್ಕೊಂದು ಹೊಂದಂಗಿಲ್ಲಲ್ಲ ಅಂತ ಡಾಕ್ಟರ ಹಂತ್ಯಾಕ ಹೋದೆ. ಅವರು ಮೊದಲ ಹಿಮೋಗ್ಲೋಬಿನ್ ನೋಡಿದ್ರು. ಯಾಕಂದ್ರ ಎಚ್‌ಬಿಎ1ಸಿ ಅಂದ್ರ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರಿ ಅಂಟೈತಿ ಅನ್ನೋ ಲೆಕ್ಕ, ಕಣ ಸುಮಾರು 120 ದಿನ ಬದಕ್ತೈತಿ, ಅದಕ್ಕ ಎರಡ್ಮೂರು ತಿಂಗಳ ಸರಾಸರಿ ಗೊತ್ತಾಗ್ತೈತಿ. ಆದ್ರ ಕಬ್ಬಿಣ ಕಡಿಮಿ ಆಗಿ ರಕ್ತ ಕಡಿಮಿ ಇದ್ದವರಿಗೆ, ನಮ್ಮ ಹೆಣ್ಮಕ್ಕಳಿಗೆ ಭಾಳ ಮಂದಿಗೆ ಇರ್ತೈತಿ ನೋಡ್ರಿ, ಇದು ಸುಳ್ಳೇ ಏರಿ ಬರಬಹುದು. ನನ್ನ ಹಿಮೋಗ್ಲೋಬಿನ್ 14, ಅಲ್ಲೇನೂ ತಪ್ಪಿಲ್ಲ. "ಹಂಗಾದ್ರ ಊಟ ಆದಮ್ಯಾಲೆ ಏನೋ ಆಗಾಕತ್ತೈತಿ, ನೀವು ನೋಡಾಕತ್ತಿಲ್ಲ" ಅಂದ್ರು.

ನಾ ಕೇಳಿದ್ದು ಒಂದ ಪ್ರಶ್ನೆ, ನಾ ಇಷ್ಟು ತೆಳ್ಳಗಿದ್ದು ನನಗ್ಯಾಕ? ಅದಕ್ಕವರು ನಕ್ಕು, ನೀವು ಇರೋ ಊರಾಗನ ಆ ಪ್ರಶ್ನೆಕ್ಕ ಉತ್ತರ ಹುಡಿಕ್ಯಾರ ಅಂದ್ರು. ಪುಣೆ ಕೆಇಎಂ ಆಸ್ಪತ್ರಿಯ ಡಾ. ಚಿತ್ತರಂಜನ್ ಯಾಜ್ಞಿಕ್ ಅಂತ. 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿ ಬಸರಿ ಹೆಣ್ಮಕ್ಕಳು, ಅವರ ಕೂಸುಗಳನ್ನ ಅಳತಿ ಮಾಡ್ಕೋತ ಬಂದಾರ. ಅಲ್ಲಿ ಹುಟ್ಟಿದ ಕೂಸು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸು 3.5 ಕಿಲೋ. ಸಣ್ಣ ಕೂಸು ಅಂದ್ರ ಕೊಬ್ಬೂ ಸಣ್ಣದ ಇರಬೇಕಲ್ಲ, ಇಲ್ಲ, ಸ್ನಾಯು ಕಡಿಮಿ, ಆದ್ರ ಚರ್ಮದ ಕೆಳಗಿನ ಕೊಬ್ಬು ತೂಕದ ಲೆಕ್ಕಕ್ಕ ಜಾಸ್ತಿ. ಹುಟ್ಟಿದಾಗಿಂದನ ಹೊರಗ ತೆಳ್ಳಗ, ಒಳಗ ದಪ್ಪಗ ಇದ್ದವರು ನಾವು. 2004ರಾಗ ಅವರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿಯೊಳಗ ತಮ್ಮದೂ ತಮ್ಮ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್ಕಿನ್ ಅವರದೂ ಫೋಟೋ ಬಾಜುಬಾಜು ಹಾಕಿದ್ರು, ಇಬ್ಬರದೂ ಬಿಎಂಐ, ಅಂದ್ರ ಎತ್ತರಕ್ಕ ತಕ್ಕ ತೂಕದ ಲೆಕ್ಕ, 22.3, ಮೈಯಾಗಿನ ಕೊಬ್ಬು ಮಾತ್ರ ಒಬ್ಬರದು 9.1 ಪರ್ಸೆಂಟ್, ಇನ್ನೊಬ್ಬರದು 21.2. ಎರಡನೇದು ಯಾರದು ಅಂತ ಹೇಳೋದ ಬ್ಯಾಡ. ತೆಳ್ಳನ ಅಂಗಿ ಒಳಗ ದಪ್ಪನ ಮನಷ್ಯಾ ಅಡಗಿ ಕುಂತಾನ ಅಂತ ಕೇಳಿದ ದಿವಸ ಕನ್ನಡಿ ಮುಂದ ಭಾಳ ಹೊತ್ತು ನಿಂತಿದ್ದೆ. ಇರ್ಲಿ.

ಹಿಂಗಾಗಿ ಸೆನ್ಸರು ಬಂತು. ಹಾಕೋದು ಒಂದ್ ನಿಮಿಷದ ಕೆಲಸ, ಸ್ಪಿರಿಟ್ಟಿಲೆ ಒರಸು, ಡಬ್ಬಿ ತೋಳಿಗೆ ಇಟ್ಟು ಒತ್ತು, ಟಪ್ ಅಂತೈತಿ, ಮುಗೀತು. ಇರಿವಿ ಕಡದಷ್ಟೂ ನೋವಿಲ್ಲ, ಒತ್ತಿದ ಹೆಂಡ್ತಿನ ನನಗಿಂತ ಜಾಸ್ತಿ ಕಣ್ಣು ಮುಚ್ಚಿದ್ಳು. ಒಂದ್ ತಾಸು ಸುಮ್ಮನ ಕುಂದ್ರಬೇಕು, ಆಮ್ಯಾಲೆ ನಂಬರ್ ಬರಾಕ ಚಾಲೂ ಆಗ್ತಾವ. ಮೊದಲನೇ ದಿವಸದ ನಂಬರ್ ಮನಸಿಗೆ ಹಚ್ಕೋಬ್ಯಾಡ್ರಿ ಅಂತ ಡಾಕ್ಟರು ಮೊದಲ ಹೇಳಿದ್ರು, ಖರೇನ, ನನಗ ಮೊದಲ ದಿವಸ 20-30 ಕಡಿಮಿನ ತೋರಸ್ತಿತ್ತು.

ಇದೇ ವಾರ ನಮ್ಮಪ್ಪ ವಿಜಯಪುರದಿಂದ ಬಂದಾವ. ರಿಟೈರ್ಡ್ ಹೈಸ್ಕೂಲ್ ವಿಜ್ಞಾನ ಮಾಸ್ತರ, 71 ವಯಸ್ಸು, 18 ವರ್ಷದಿಂದ ಸಕ್ಕರಿ ರೋಗ. ಬ್ಯಾಗ್ ಇಳಿಸಿ ಚಾ ಕುಡಿಯೋದ್ರೊಳಗ ತೋಳು ನೋಡಿ "ಇದೇನಪಾ, ದನಕ್ಕ ಬಿಲ್ಲೆ ಹೊಡದಂಗ" ಅಂದ. ಆಮ್ಯಾಲೆ ಹೆಂಗ ಕೆಲಸ ಮಾಡ್ತೈತಿ ಅಂತ ಕೇಳಿದ, ನನಗ ಬರಲಿಲ್ಲ, ಅವನ ಓದಿ ಅವನ ಪಾಠ ಮಾಡಿದ. ಆ ಎಳಿಯ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಎಂಜೈಮ್ ಹಚ್ಚಿರ್ತಾರ, ಅದು ಸಕ್ಕರಿಯಿಂದ ಎಲೆಕ್ಟ್ರಾನ್ ಕಿತ್ಕೊಂಡು ತಂತಿಗೆ ಕೊಡ್ತೈತಿ, ಎಷ್ಟು ಕರೆಂಟೋ ಅಷ್ಟು ಸಕ್ಕರಿ. ಈ ಐಡಿಯಾ ಹೊಸಾದಲ್ಲ, ಅಮೆರಿಕಾದ ಲೆಲ್ಯಾಂಡ್ ಕ್ಲಾರ್ಕ್ 1962ರಾಗನ ಹೇಳಿದ್ದು. ನನಗ ಭಾಳ ಸೇರಿದ್ದು ಬ್ಯಾರೆನ. ಈ ಎಂಜೈಮ್ ತಗಿಯೋದು ಆಸ್ಪರ್‌ಜಿಲಸ್ ನೈಜರ್ ಅನ್ನೋ ಬೂಸ್ಟಿನಿಂದ, ಅದ್ಯಾವ್ದು ಅಂದ್ರ ಉಳ್ಳಾಗಡ್ಡಿ ಸಿಪ್ಪಿ ಮ್ಯಾಲೆ ಕರಿ ಪುಡಿ ಕುಂತಿರ್ತೈತಲ್ಲ, ಮಾರ್ಕೆಟ್ ಯಾರ್ಡಿನ್ಯಾಗ ಚೀಲ ಬಿಚ್ಚಿದ್ರ ಕೈ ಕರ್ರಗಾಗ್ತಾವಲ್ಲ, ಅದ. ಅಪ್ಪ ಅಡಗಿಮನಿಯಿಂದ ಒಂದ್ ಉಳ್ಳಾಗಡ್ಡಿ ತಂದು ಮುಂದ ಇಟ್ಟು "ನಿನ್ನ ಐದು ಸಾವಿರ ಇಲ್ಲೈತಿ ನೋಡು" ಅಂದ.

ಈಗ ಮುಖ್ಯ ಮಾತಿಗೆ ಬರ್ತೀನಿ. ಜಾಹೀರಾತಿನ್ಯಾಗ ಹೇಳದ ಇರೋದು ಏನಂದ್ರ ಇದು ರಕ್ತದಾಗಿನ ಸಕ್ಕರಿ ಅಳಿಯಂಗಿಲ್ಲ. ಚರ್ಮದ ಕೆಳಗ ಜೀವಕೋಶದ ನಡುವ ಇರೋ ನೀರಿನ್ಯಾಗಿನ ಸಕ್ಕರಿ ಅಳಿತೈತಿ. ರಕ್ತದಿಂದ ಅಲ್ಲಿಗೆ ಸಕ್ಕರಿ ಬರಾಕ 5ರಿಂದ 15 ನಿಮಿಷ ಹಿಡಿತೈತಿ. ಸುಮ್ಮನ ಕುಂತಾಗ ಫರಕ್ ಗೊತ್ತಾಗಂಗಿಲ್ಲ, ಊಟ ಆದಮ್ಯಾಲೆ ಸಕ್ಕರಿ ಓಡಾಕತ್ತಿದಾಗ ಗೊತ್ತಾಗ್ತೈತಿ. ಅಪ್ಪ ಬೆರಳಿನ ರಕ್ತ ನೋಡೋ ಮೀಟರ್ ಹಿಡದು ನನ್ನ ಬೆರಳಿಗೆ 11 ದಿನದಾಗ 23 ಸಲ ಚುಚ್ಚ್ಯಾನ, ಗ್ರಾಫ್ ಹಾಳಿ ತಂದು ಎರಡೂ ಗೆರಿ ಕೊರದಾನ, ಒಂದ್ ಕೆಂಪು ಒಂದ್ ನೀಲಿ. ಬೆಳಗ್ಗೆ ಎದ್ದಾಗ ಬೆರಳು 118, ಸೆನ್ಸರ್ 122, ಶಭಾಷ್. ಅವಲಕ್ಕಿ ತಿಂದು ಅರ್ಧ ತಾಸಿಗೆ ಬೆರಳು 187, ಸೆನ್ಸರ್ 151. ಒಂದೂವರಿ ತಾಸಿಗೆ ಬೆರಳು ಇಳದು 165, ಸೆನ್ಸರ್ ಇನ್ನೂ 182 ಅಂತ ಒದರಾಕತ್ತೈತಿ. "ಬಸ್ ಹೋದಮ್ಯಾಲೆ ಬಂತು ಬಂತು ಅಂತ ಕೂಗೋ ಪೋರನಂಗ ಐತಿ ಇದು" ಅಂತ ಅಪ್ಪನ ತೀರ್ಪು. ನನಗ ಬ್ಯಾರೆನ ಅನ್ನಸ್ತು, ನಮ್ಮೂರಾಗ ಕಟ್ಟಿ ಮ್ಯಾಲೆ ಕುಂದ್ರೋ ಅಜ್ಜಿ ಇದ್ದಂಗ ಇದು, ಓಣ್ಯಾಗ ಯಾರು ಬಂದ್ರು ಯಾರು ಹೋದ್ರು ಎಲ್ಲಾ ನೋಡ್ತಾಳ, ಸ್ವಲ್ಪ ತಡಾ ಮಾಡಿ ಹೇಳ್ತಾಳ, ಯಾಕ ಬಂದ್ರು ಅನ್ನೋದು ಅಕಿಗೆ ಗೊತ್ತಿಲ್ಲ, ಆದ್ರ ಬಂದಿದ್ದು ಮಾತ್ರ ಖರೇ.

ಹಂಗಂತ ಬೆರಳಿನ ಮೀಟರ್ ಏನು ಸತ್ಯಹರಿಶ್ಚಂದ್ರ ಅಂತಲ್ಲ. ಅದಕ್ಕ ಐಎಸ್‌ಒ ಅನ್ನೋ ಅಂತಾರಾಷ್ಟ್ರೀಯ ಗುಣಮಟ್ಟ ಸಂಸ್ಥೆಯ ನಿಯಮ ಐತಿ, 2013ರದ್ದು, ಸಕ್ಕರಿ 100ರ ಮ್ಯಾಲೆ ಇದ್ರ 100ಕ್ಕ 95 ಸಲ ಖರೇ ನಂಬರಿನ 15 ಪರ್ಸೆಂಟ್ ಒಳಗ ಬಂದ್ರ ಪಾಸ್. ಅಂದ್ರ ಖರೇ 200 ಇದ್ರ 170 ತೋರಿಸಿದ್ರೂ ಪಾಸ್, 230 ತೋರಿಸಿದ್ರೂ ಪಾಸ್. ಇದನ್ನ ಕೇಳಿ ಅಪ್ಪ ಅರ್ಧ ತಾಸು ಮಾತಾಡ್ಲಿಲ್ಲ, 18 ವರ್ಷ 142ಕ್ಕ ಖುಷಿಪಟ್ಟು 151ಕ್ಕ ಅವ್ವನ ಜೋಡಿ ಜಗಳ ಆಡಿದ ಮನಷ್ಯಾ ಅಂವ.

ಊಟದ ಕತಿ. ಇದಕ್ಕ ನಾ ಐದಕ್ಕ ಐದು ಸ್ಟಾರ್ ಕೊಡ್ತೀನಿ, ಯಾಕಂದ್ರ ಇಲ್ಲಿ ಒಂದೊಂದು ನಂಬರ್ ಮುಖ್ಯ ಅಲ್ಲ, ಗೆರಿ ಹೆಂಗ ಏರ್ತು ಹೆಂಗ ಇಳೀತು ಅನ್ನೋದು ಮುಖ್ಯ, ಅದನ್ನ ಬೆರಳಿನ ಮೀಟರ್ ಎಂದೂ ತೋರಸಂಗಿಲ್ಲ. ಹಿಂಜವಡಿ ಕ್ಯಾಂಟೀನಿನ್ಯಾಗ ಅನ್ನದ ಥಾಲಿ ತಿಂದ್ರ 2:40ಕ್ಕ ಕರೆಕ್ಟಾಗಿ 236. ಮಧ್ಯಾಹ್ನದ ಮೀಟಿಂಗಿನ್ಯಾಗ ನಿದ್ದಿ ಬರೋದಕ್ಕ ಮ್ಯಾನೇಜರ್‌ನ ಸ್ಲೈಡ್ ಕಾರಣ ಅಂತ ಎರಡು ವರ್ಷ ಬೈದೀನಿ, ಪಾಪ. ಊಟ ಆದ ಕೂಡ್ಲೆ ಬಿಲ್ಡಿಂಗ್ ಸುತ್ತ 15 ನಿಮಿಷ ನಡದ ದಿವಸ ಅದ ಥಾಲಿಗೆ 188. ಮೊದಲ ಪಲ್ಯ, ಬ್ಯಾಳಿ, ಕೋಸಂಬರಿ ತಿಂದು ಆಮ್ಯಾಲೆ ಅನ್ನಕ್ಕ ಕೈ ಹಾಕಿದ ದಿವಸ 194. ಮಿಸಳ್ ಪಾವ್ ತಿಂದ್ರ ಬೆಂಕಿ ಹತ್ತತೈತಿ ಅಂತ ಹೆದರಿ ತಿಂದೆ, ಒಂದ್ ಪಾವ್ ಅಷ್ಟ, 169ಕ್ಕ ನಿಂತಿತು. ಮಿಸಳ್‌ದಾಗಿನ ಮೊಳಕಿ ಮಟಕಿ ಕಾಳಿನ ಪುಣ್ಯ. ಎಣ್ಣಿ ಪಾಪ ಬ್ಯಾರೆ ಲೆಕ್ಕದಾಗ ಬರ್ತೈತಿ, ಅದನ್ನ ಈ ಗುಂಡಿ ಅಳಿಯಂಗಿಲ್ಲ.

ಜೋಳದ ರೊಟ್ಟಿ ವಿಷಯದಾಗ ಮಾತ್ರ ಮನ್ಯಾಗ ಯುದ್ಧ ಆತು. ನಮ್ಮ ಕಡೆ ಒಂದ್ ನಂಬಿಕಿ ಐತಿ, ಚಪಾತಿ ಬಿಟ್ಟು ರೊಟ್ಟಿ ತಿಂದ್ರ ಸಕ್ಕರಿ ಮುಟ್ಟಂಗಿಲ್ಲ ಅಂತ. ಅಪ್ಪ 18 ವರ್ಷದಿಂದ ಹೊತ್ತಿಗೆ ನಾಕು ರೊಟ್ಟಿ ತಿನ್ಕೋತ ಬಂದಾವ, ಔಷಧ ಅಂತ. ನಾ ಎರಡು ರೊಟ್ಟಿ, ಎಣಗಾಯಿ, ಹೆಸರುಕಾಳು ಪಲ್ಯ, ಮೊಸರು ತಿಂದೆ, 158, ಹಗೂರಕ ಏರಿ ಹಗೂರಕ ಇಳೀತು, ಭಾಳ ಛಂದ ಗೆರಿ, ಅಪ್ಪಗ ಖುಷಿನೋ ಖುಷಿ. ಮರುದಿನ ಅವನ ಮಾತಿಗೆ ಅವನ ಲೆಕ್ಕದಂಗ ನಾಕು ತಿಂದೆ, 207. ಜೋಳದ ಹಿಟ್ಟಿನ್ಯಾಗೂ 100 ಗ್ರಾಂಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರ್ತೈತಿ, ಗೋಧಿಗೂ ಹೆಚ್ಚುಕಮ್ಮಿ ಅಷ್ಟ. "ಇದು ಪುಣೆ ಜೋಳ, ನಮ್ಮ ಬಿಳಿಜೋಳ ಅಲ್ಲ" ಅಂದ ಅಪ್ಪ. ಹಿಟ್ಟು ಅವನ ಊರಿಂದ ತಂದಿದ್ದು.

ಆದ್ರ ರೆಕಾರ್ಡ್ ಯಾವ್ದು ಗೊತ್ತೇನು, ಉಪವಾಸದ್ದು! ಆರನೇ ದಿವಸ ಆಷಾಢ ಏಕಾದಶಿ. ಕೆಳಗಿನ ಮನಿ ಕಾಕು ಡಬ್ಬಿ ತುಂಬ ಸಾಬುದಾಣಿ ಖಿಚಡಿ ಕೊಟ್ಟು ಕಳಿಸಿದ್ರು, ಬಟಾಟಿ, ಶೇಂಗಾ, ತುಪ್ಪ. ಸಾಬುದಾಣಿ ಅಂದ್ರ ಮರಗೆಣಸಿನ ಹಿಟ್ಟಿನ ಗುಂಡು, ಒಳಗ ನಾರಿಲ್ಲ ಏನಿಲ್ಲ. ತಾಸಿಗೆ 262. ತುಪ್ಪ ಶೇಂಗಾ ಇದ್ದದ್ದಕ್ಕ ಇಳಿಯೋದೂ ತಡ, ಎರಡೂವರಿ ತಾಸು 200ರ ಮ್ಯಾಲೆನ ಕುಂತಿತ್ತು. ಊಟ ಮಾಡಿದ ದಿವಸ ಎಂದೂ ಇಷ್ಟು ಏರಿಲ್ಲ. ವಿಠ್ಠಲ ನಮ್ಮವನ, ಸಿಟ್ಟಾಗಂಗಿಲ್ಲ ಅಂತ ಮುಂದಿನ ಏಕಾದಶಿಗೆ ಮಜ್ಜಿಗಿ ಶೇಂಗಾ ಅಷ್ಟ ಅಂತ ಮಾಡೀನಿ.

ಇನ್ನ ಹೆದರಿಸಿದ್ದು ಹೇಳ್ತೀನಿ. ನಾಲ್ಕನೇ ದಿವಸ ನಡುರಾತ್ರಿ 3:10ಕ್ಕ ಫೋನ್ ಹೊಯ್ಕೊಳ್ಳಾಕತ್ತಿತು, ಸಕ್ಕರಿ 54. ಮನಿ ಮಂದಿ ಎಲ್ಲಾ ಎದ್ರು, ಹೆಂಡ್ತಿ ಬೆಲ್ಲದ ಡಬ್ಬಿ ಹಿಡ್ಕೊಂಡು ನಿಂತಾಳ, ಬಾಯಾಗ ಬೆಲ್ಲ ತುರುಕೋದ ಬಾಕಿ. ನನಗ ಬೆವರಿಲ್ಲ, ನಡುಕಿಲ್ಲ, ಬರೇ ನಿದ್ದಿ. ಅಪ್ಪ ಮಾತ್ರ ಶಾಂತ, "ಮೊದಲ ಬೆರಳು ತೋರಸು" ಅಂದ. 112. ಆಮ್ಯಾಲೆ ಗೊತ್ತಾತು, ಸೆನ್ಸರ್ ಇದ್ದ ತೋಳಿನ ಮ್ಯಾಲೆನ ಮಕ್ಕೊಂಡಿದ್ದೆ, ಮೈಭಾರ ಬಿದ್ದು ಆ ಜಾಗಾದ ನೀರು ಒತ್ತಿ ಸರಿತೈತಿ, ಹೊಸಾ ಸಕ್ಕರಿ ಬರಂಗಿಲ್ಲ, ಸುತ್ತಲಿನ ಜೀವಕೋಶ ಇದ್ದದ್ದನ್ನ ತಿಂತಾವ, ಸೆನ್ಸರ್ ಕಡಿಮಿ ಆತು ಅಂತ ಕೂಗ್ತೈತಿ. ಮಗ್ಗಲು ಬದಲಿಸಿ 20 ನಿಮಿಷಕ್ಕ ತಾನ 109ಕ್ಕ ಬಂತು. ಇನ್ಸುಲಿನ್ ತಗೊಳ್ಳೋರು ದಯಮಾಡಿ ಅಲಾರಮ್ ಬಂದ್ ಮಾಡಬ್ಯಾಡ್ರಿ, ಅವರಿಗೆ 54 ಖರೇನೂ ಇರಬಹುದು, ಅದು ಜೀವದ ಮಾತು. ನನ್ನಂಗ ಬರೇ ಮೆಟ್‌ಫಾರ್ಮಿನ್ ಅನ್ನೋ ಸಕ್ಕರಿ ಗುಳಿಗಿ ಮ್ಯಾಲೆ ಇರೋರಿಗೆ ಅಷ್ಟು ಕೆಳಗ ಬೀಳೋದು ಅಪರೂಪ. ಎರಡೂ ಕಡೆ ಬೆರಳಿನ ಮೀಟರ್ ಮನ್ಯಾಗ ಇರಾಕ ಬೇಕು.

ಇನ್ನೊಂದು ಮಜಾ. ನೆಗಡಿ ಅಂತ ಚೀಪೋ ವಿಟಮಿನ್ ಸಿ ಗುಳಿಗಿ ದಿನಾ ಎರಡು ತಿನ್ನಾಕತ್ತಿದ್ದೆ, ಒಂದೊಂದು 500 ಮಿಲಿಗ್ರಾಂ. ಎರಡು ದಿವಸ ನಂಬರ್ ಸುಮ್ಮಸುಮ್ಮನ ಏರಿ ಕುಂತಾವ. ಡಬ್ಬಿಯೊಳಗಿನ ಹಾಳಿ ಬಿಚ್ಚಿ ನೋಡಿದ್ರ ದಿನಕ್ಕ 500ಕ್ಕಿಂತ ಜಾಸ್ತಿ ವಿಟಮಿನ್ ಸಿ ತಗೊಂಡ್ರ ರೀಡಿಂಗ್ ಸುಳ್ಳೇ ಏರ್ತೈತಿ ಅಂತ ಇರಿವಿಯಷ್ಟು ಅಕ್ಷರದಾಗ ಬರದಾರ. ಇಂಥಾ ಮಾತು ಆ್ಯಪ್ ಚಾಲೂ ಮಾಡಿದ ಕೂಡ್ಲೆ ದಪ್ಪಕ್ಷರದಾಗ ಬರಬೇಕೋ ಬ್ಯಾಡೋ? ಅದರ ಬದಲಿಗೆ ಬರೋದು ನಮ್ಮ ಡಯಟ್ ಪ್ಲಾನ್ ತಗೋರಿ ಅನ್ನೋ ಜಾಹೀರಾತು. ಮತ್ತ ಆ್ಯಪ್ ನಮ್ಮ ಸಕ್ಕರಿ ಲೆಕ್ಕ ಎಲ್ಲಾ ತಮ್ಮ ಸರ್ವರಿಗೆ ಕಳಸ್ತೈತಿ, ಒಪ್ಪಗಿ ಕೊಡಲಿಲ್ಲಂದ್ರ ಮುಂದ ಹೋಗಂಗಿಲ್ಲ. ಇದಕ್ಕ ಒಂದ್ ಸ್ಟಾರ್ ಕಟ್.

ಅಪ್ಪ ಹೇಳಿದ ಒಂದ್ ಕತಿ ಇಲ್ಲೆ ಬರೀತೀನಿ, ರಿವ್ಯೂಗೆ ಏನ್ ಸಂಬಂಧ ಅನ್ನಬ್ಯಾಡ್ರಿ, ಐತಿ. ನಮ್ಮಜ್ಜಗೂ ಸಕ್ಕರಿ ಇತ್ತು. ಆವಾಗ ಮನ್ಯಾಗ ರಕ್ತ ನೋಡೋ ಸೌಲಭ್ಯ ಎಲ್ಲಿದು, ಕಂಪೌಂಡರ್ ಒಬ್ಬರು ಬೆನೆಡಿಕ್ಟ್ ದ್ರಾವಣದ ಬಾಟ್ಲಿ ಕೊಟ್ಟು ಕಲಿಸಿದ್ರಂತ. ಗಾಜಿನ ನಳಿಕ್ಯಾಗ 5 ಮಿಲಿ ನೀಲಿ ದ್ರಾವಣ, ಎಂಟು ಹನಿ ಮೂತ್ರ, ದೀಪದ ಮ್ಯಾಲೆ ಕುದಸು. ನೀಲಿನ ಉಳದ್ರ ಸಕ್ಕರಿ ಇಲ್ಲ, ಹಸರು ಆದ್ರ ಸ್ವಲ್ಪ, ಹಳದಿ ಆದ್ರ ಜಾಸ್ತಿ, ಇಟ್ಟಂಗಿ ಕೆಂಪು ಆದ್ರ ಅಜ್ಜ ಅವತ್ತು ಊಟ ಬಿಡ್ತಿದ್ದ. ಆದ್ರ ರಕ್ತದಾಗ ಸುಮಾರು 180 ದಾಟಿದ ಮ್ಯಾಲೆನ ಕಿಡ್ನಿ ಸಕ್ಕರಿ ಸೋರಸ್ತೈತಿ, ಅದೂ ಮೂತ್ರ ತುಂಬಿ ಹೊರಗ ಬರೋ ಹೊತ್ತಿಗೆ ತಾಸುಗಟ್ಟಲೆ ಹಳೇ ಸುದ್ದಿ. ಅಜ್ಜ ಅವತ್ತು ಬಿಟ್ಟ ಊಟ ಹಿಂದಿನ ಹೊತ್ತಿನ ಊಟದ ಶಿಕ್ಷಾ. ಹದಿನೈದು ನಿಮಿಷ ತಡಾ ಅಂತ ನಾ ಈ ಸೆನ್ಸರಿಗೆ ಬೈಯ್ಯೋದನ್ನ ಕೇಳಿ ಅಪ್ಪ ಈ ಕತಿ ತಗದಿದ್ದು.

ಮುಂದಿನದು ಇನ್ನೂ ಮಜಾ. ಅಪ್ಪಗ ಹೃದಯದ ತ್ರಾಸ ಆದಮ್ಯಾಲೆ ಡಾಕ್ಟರು ಡಾಪಾಗ್ಲಿಫ್ಲೋಜಿನ್ ಅನ್ನೋ ಗುಳಿಗಿ ಹಚ್ಚ್ಯಾರ. ಅದರ ಕೆಲಸನ ಮೂತ್ರದಾಗ ಸಕ್ಕರಿ ಬಿಡೋದು, ಕಿಡ್ನಿ ಸೋಸಿದ ಸಕ್ಕರಿನ ವಾಪಸ್ ಎಳಕೊಳ್ಳೋ ಪಂಪ್ ಬಂದ್ ಮಾಡ್ತೈತಿ, ದಿನಕ್ಕ 50-70 ಗ್ರಾಂ ಸಕ್ಕರಿ ಹೊರಗ ಹೋಗ್ತೈತಿ. ಇದರ ಮೂಲ ಸೇಬಿನ ಗಿಡದ ತೊಗಟಿ, 1835ರಾಗ ಯುರೋಪಿನ ಕೆಮಿಸ್ಟರು ಜ್ವರಕ್ಕ ಔಷಧ ಆಗ್ತೈತೇನೋ ಅಂತ ಫ್ಲೋರಿಜಿನ್ ತಗದ್ರು, ಐವತ್ತು ವರ್ಷ ಬಿಟ್ಟು ಅದನ್ನ ಕೊಟ್ರ ಮೂತ್ರದಾಗ ಸಕ್ಕರಿ ಬರ್ತೈತಿ ಅಂತ ಫಾನ್ ಮೇರಿಂಗ್ ಅನ್ನೋ ಡಾಕ್ಟರು ಕಂಡ್ರು. ಬಾಯಿಲೆ ತಗೊಂಡ್ರ ಫ್ಲೋರಿಜಿನ್ ಹೊಟ್ಟ್ಯಾಗನ ಒಡದು ಹೋಗ್ತೈತಿ, ಅದಕ್ಕ ಫ್ಲೋರಿಜಿನ್ನಿನೊಳಗ ಸಕ್ಕರಿ ಭಾಗ ಜೋಡಿಸಿದ ರೀತಿನ ಬದಲಿಸಿ ಒಡಿಯದಂಗ ಮಾಡಿ ಗುಳಿಗಿ ಮಾಡೋ ಹೊತ್ತಿಗೆ ಈ ಶತಮಾನ ಬಂತು, ಅಮೆರಿಕಾದಾಗ ಒಪ್ಪಗಿ ಸಿಕ್ಕಿದ್ದು 2014ರಾಗ. ನಮ್ಮಲ್ಲೆ 2020ರ ಅಕ್ಟೋಬರ್‌ದಾಗ ಪೇಟೆಂಟ್ ಮುಗೀತು, ನಮ್ಮ ದೇಶದ ಕಂಪನಿಗಳು ಸಾಲುಹಿಡದು ಬಂದ್ವು, ಬೆಲಿ ಧಡಕ್ಕನ ಇಳೀತು, ಇಲ್ಲಂದ್ರ ಪೆನ್ಶನ್ ಮಾಸ್ತರಗ ಎಲ್ಲಿ ಆಗಬೇಕು.

ಮಾಸ್ತರ ಸುಮ್ಮನ ಇರ್ತಾನೇನು. ಶಾಲಿಗೆ ಲ್ಯಾಬ್ ಸಾಮಾನು ಮಾರೋ ಅಂಗಡ್ಯಾಗಿಂದ ಬೆನೆಡಿಕ್ಟ್ ಬಾಟ್ಲಿ ತಂದ, ನಮ್ಮ ಅಡಗಿಮನಿ ಗ್ಯಾಸಿನ ಮ್ಯಾಲೆ, ಹೆಂಡ್ತಿ ಆಫೀಸಿಗೆ ಹೋದ ಹೊತ್ತಿನ್ಯಾಗ, ಸ್ಟೀಲ್ ಪಾತೇಲಿಯೊಳಗ ಬಿಸಿನೀರು ಇಟ್ಟು ನಳಿಕಿ ಕುದಿಸಿದ. ಬೆರಳಿನ ಸಕ್ಕರಿ 126, ನಳಿಕಿ ಇಟ್ಟಂಗಿ ಕೆಂಪು! "ನಮ್ಮಪ್ಪ ಇದನ್ನ ನೋಡಿದ್ರ ಎದಿ ಒಡಕೋತಿದ್ದ, ನನಗ ಡಾಕ್ಟರು ಭೇಷ್ ಅಂತಾರ" ಅಂತ ನಳಿಕಿನ ಕಿಟಕಿ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ. ನಕ್ಕನೋ ಅತ್ತನೋ ನನಗ ಗೊತ್ತಾಗಲಿಲ್ಲ. ಸಂಜಿಗೆ ಆ ಪಾತೇಲಿ ಕಸಕ್ಕ ಹೋತು, ಅದರ ಬಗ್ಗೆ ಹೆಚ್ಚಿಗೆ ಬರಿಯಂಗಿಲ್ಲ.

ಈಗ ಸಿಟ್ಟಿನ ಭಾಗ. 14 ದಿನ ಅಂತ ಡಬ್ಬಿ ಮ್ಯಾಲೆ ಐತಿ, ನನ್ನದು ನಡದಿದ್ದು 11. ಪುಣೆ ಮಳಿ ಗೊತ್ತಲ್ಲ, ನಿಗಡಿಯಿಂದ ಹಿಂಜವಡಿಗೆ ಟೂವೀಲರ್, ಮ್ಯಾಲೆ ರೇನ್‌ಕೋಟ್, ಒಳಗ ಬೆವರು. ಪಾರ್ಕಿಂಗಿನ್ಯಾಗ ಕೋಟ್ ಕಳಿಯೋವಾಗ ತೋಳಿನ ಜೋಡಿ ಸೆನ್ಸರೂ ಕಳಚಿ ಬಂತು, ಎಳಿ ಜೋತಾಡಾಕತ್ತೈತಿ. ಅಲ್ಲೆ ನಿಂತು ಕಸ್ಟಮರ್ ಕೇರಿಗೆ ಫೋನ್. ಹಿಂದಿಗೆ ಒಂದು ಒತ್ತರಿ, ಎರಡು ಒತ್ತರಿ, ಕನ್ನಡ ಬಿಡ್ರಿ ಮರಾಠಿನೂ ಇಲ್ಲ. 22 ನಿಮಿಷ ಕಾಯಿಸಿ ಡಬ್ಬಿ ಮ್ಯಾಲಿನ ಸೀರಿಯಲ್ ನಂಬರ್ ಕೇಳಿದ್ರು. ಡಬ್ಬಿ ಹತ್ತು ದಿವಸದ ಹಿಂದನ ಕಸದ ಘಂಟಾಗಾಡಿಗೆ ಹೋಗೈತಿ. ಡಬ್ಬಿ ಇಲ್ಲಂದ್ರ ಏನೂ ಮಾಡಾಕ ಬರಂಗಿಲ್ಲ ಅಂತ ಇಟ್ಟುಬಿಟ್ರು. ಮನಿಗೆ ಬಂದು ನೋಡ್ತೀನಿ, ಅದ ನಂಬರ್ ಆ್ಯಪಿನ ಸೆಟ್ಟಿಂಗಿನ್ಯಾಗ ಐತಿ, ಅದನ್ನ ಹೇಳಾಕ ಅವರಿಗೆ ಬಾಯಿ ಬರಲಿಲ್ಲ. ಎರಡನೇ ಸಲ ಫೋನ್ ಮಾಡಿದ್ರ ಬಿದ್ದದ್ದು ವಾರಂಟಿಯೊಳಗ ಬರಂಗಿಲ್ಲ, ಕೆಟ್ಟದ್ದಷ್ಟ ಬರ್ತೈತಿ ಅಂದ್ರು. ಮಳಿ ಇರೋ ದೇಶದಾಗ ಮಾರ್ತೀರಿ, ರೇನ್‌ಕೋಟಿಗೆ ತಡಕೊಳ್ಳದ ಅಂಟು ಹಚ್ತೀರಿ, ಅದು ಕೆಟ್ಟದ್ದಲ್ಲದ ಮತ್ತೇನು? ಅಪ್ಪ ನನಗಿಂತ ಛಲದವ, ಗ್ರಾಫ್ ಹಾಳಿ ಫೋಟೋ ಸಮೇತ, 23 ಚುಚ್ಚಿದ ಲೆಕ್ಕ ಸಮೇತ, ಎರಡು ಪುಟದ ಇಮೇಲ್ ನನ್ನ ಕಡೆಯಿಂದ ಹೊಡಿಸಿದ, ನಾಕು ಸಲ ನೆನಪೋಲೆ. ಮೂರು ವಾರಕ್ಕ ಬದಲಿ ಒಂದ್ ಬಂತು, ಕ್ಷಮಾ ಇಲ್ಲ ಪತ್ರ ಇಲ್ಲ. ಕಸ್ಟಮರ್ ಕೇರಿಗೆ ಒಂದ್ ಸ್ಟಾರ್, ಅದೂ ಸೊನ್ನಿ ಕೊಡಾಕ ಬರಂಗಿಲ್ಲ ಅಂತ.

ತಗೊಳ್ಳೋರಿಗೆ ನನ್ನ ಮಾತು ಇಷ್ಟ. ಡಬ್ಬಿ 14 ದಿನ ಒಗಿಬ್ಯಾಡ್ರಿ. ಮ್ಯಾಲೆ ಹಚ್ಚೋ ಗುಂಡನ್ನ ಪಟ್ಟಿ ಬ್ಯಾರೆ ಸಿಗ್ತಾವ, ಮಳಿಗಾಲದಾಗ ಹಚ್ಕೋರಿ, ನಾ ಹಚ್ಚಲಿಲ್ಲ, ಅದು ನನ್ನ ತಪ್ಪು. ಮಲಗೋ ಮಗ್ಗಲಿನ ತೋಳು ಬಿಟ್ಟು ಇನ್ನೊಂದಕ್ಕ ಹಾಕ್ರಿ. ತಿಂಗಳಿಗೆ ಎರಡರಂತೆ ವರ್ಷಪೂರ್ತಿ ಹಾಕೋದು, ಹತ್ತು ಸಾವಿರ ತಿಂಗಳಿಗೆ, ಇನ್ಸುಲಿನ್ ಮ್ಯಾಲೆ ಇರೋರಿಗೆ, ಸಣ್ಣ ಹುಡುಗರಿಗೆ ಡಾಕ್ಟರು ಹೇಳಿದ್ರ ಬ್ಯಾರೆ ಮಾತು, ನನ್ನಂಥಾವರಿಗೆ ದಂಡ. ವರ್ಷಕ್ಕ ಒಂದ್ ಸಲ, ಊಟ ಬದಲಾದಾಗ ಇಲ್ಲಾ ಗುಳಿಗಿ ಬದಲಾದಾಗ ಹಾಕಿದ್ರ ಐದು ಸಾವಿರಕ್ಕ ಮೋಸ ಇಲ್ಲ. ಸಕ್ಕರಿನ ಇಲ್ಲದವರು ಫ್ಯಾಶನ್ನಿಗೆ ಹಾಕ್ಕೊಂಡು ಒಂದ್ ಬಾಳಿಹಣ್ಣಿಗೆ 150 ಆತು ಅಂತ ಹೆದರಿ ಹಣ್ಣು ಬಿಡೋದು ನಮ್ಮ ಆಫೀಸಿನ್ಯಾಗ ಚಾಲೂ ಆಗೈತಿ, ಅದಕ್ಕ ನನ್ನ ಸಪೋರ್ಟ್ ಇಲ್ಲ.

ಡಾಕ್ಟರು ರಿಪೋರ್ಟ್ ನೋಡಿದ್ರು. 70ರಿಂದ 180ರ ನಡುವ ದಿನದ 70 ಪರ್ಸೆಂಟಿಗಿಂತ ಜಾಸ್ತಿ ಹೊತ್ತು ಇರಬೇಕಂತ, ನನ್ನದು 61. ಗುಳಿಗಿ ಹೆಚ್ಚಿಸಲಿಲ್ಲ, ಮಧ್ಯಾಹ್ನದ ಅನ್ನ ಅರ್ಧ ಮಾಡಿ ನಡೀರಿ ಅಂದ್ರು, ಮೆಟ್‌ಫಾರ್ಮಿನ್ ಜೋಡಿ ಬಿ12 ಕಡಿಮಿ ಆಗ್ತೈತಿ, ನೀವು ಶಾಖಾಹಾರಿ ಬ್ಯಾರೆ, ಅದನ್ನೂ ತಪಾಸ್ ಮಾಡಸ್ರಿ ಅಂದ್ರು. ಮೂರು ತಿಂಗಳಿಗೆ ಎಚ್‌ಬಿಎ1ಸಿ 6.6 ಬಂತು. ಸಾಮಾನಿಗೆ ನನ್ನ ಕಡೆಯಿಂದ ಮೂರೂವರಿ ಸ್ಟಾರ್.

ಬದಲಿ ಬಂದ ಸೆನ್ಸರು ಕಪಾಟಿನ್ಯಾಗ ಐತಿ. ಅಪ್ಪ ವಿಜಯಪುರಕ್ಕ ಹೊಂಟಾಗ ಅದನ್ನ ತಗದು ಚಶ್ಮಾ ಏರಿಸಿ ಎಕ್ಸ್‌ಪೈರಿ ತಾರೀಖು ಓದಿದ, ಫೆಬ್ರವರಿ ಕೊನಿ. ಬೆರಳ ಮ್ಯಾಲೆ ತಿಂಗಳ ಎಣಿಸಿದ. "ಇದನ್ನ ನೀ ಹಾಕ್ಕೋಬ್ಯಾಡ, ಜನವರಿಗೆ ಬರೋವಾಗ ತಗೊಂಡ್ ಬಾ" ಅಂದ. ಯಾಕಪಾ, ನಿನಗ ಇದರ ಮ್ಯಾಲೆ ನಂಬಿಕಿನ ಇಲ್ಲಲ್ಲ ಅಂದೆ. "ಆವಾಗ ಹೊಲದಾಗ ಎಳಿ ಜೋಳದ ಸೀತನಿ ಬಂದಿರ್ತಾವ, ಹದಿನೆಂಟು ವರ್ಷ ಆತು ನಿಮ್ಮವ್ವ ಒಂದ್ ಬೊಗಸಿ ದಾಟಿ ಕೊಟ್ಟಿಲ್ಲ, ಎಷ್ಟು ಏರ್ತೈತಿ ಒಂದ್ ಸಲ ನೋಡೇಬಿಡೋಣು."